ತಾಲ್ಲೂಕು ಡಿಗ್ರಿ ಕಾಲೇಜಿಗೆ ಹತ್ತು ವರ್ಷದ ಪ್ಲಾನ್ ಮಾಡುವುದು ಹೇಗೆ: ಮೊದಲು ಮಕ್ಕಳನ್ನು ಎಣಿಸಿ, ಆಮೇಲೆ ಕಂಪ್ಯೂಟರ್

ಜೂನ್ ಬಂತು ಅಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಮಾತು. "ಈ ಸಲ ಎಷ್ಟು ಅಡ್ಮಿಶನ್ ಆಯ್ತು?" ಬಿ.ಎ.ಗೆ ಹುಡುಗರು ಕಮ್ಮಿ, ಬಿ.ಸಿ.ಎ.ಗೆ ಸೀಟು ಸಾಲದು, ಇತಿಹಾಸದ ಮೇಷ್ಟ್ರಿಗೆ ವರ್ಕ್‌ಲೋಡ್ ಚಿಂತೆ. ಆಗಸ್ಟ್ ಹೊತ್ತಿಗೆ ಎಲ್ಲ ಮರೆತು ಪಾಠಕ್ಕೆ ಇಳಿಯುತ್ತೇವೆ. ಮುಂದಿನ ಜೂನ್‌ಗೆ ಮತ್ತೆ ಅದೇ ಚಿಂತೆ.

ನಾನು ತಾಲ್ಲೂಕು ಕೇಂದ್ರದ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ವರ್ಷ ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಒಳಗಿನ ಘಟಕದ ಕೆಲಸವನ್ನೂ ನೋಡಿಕೊಂಡಿದ್ದೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2024ರಲ್ಲಿ ಸಾಂಸ್ಥಿಕ ಅಭಿವೃದ್ಧಿ ಯೋಜನೆಗೆ, ಅಂದರೆ ಐಡಿಪಿಗೆ, ಮಾರ್ಗಸೂಚಿ ಕೊಟ್ಟಿದೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೂ ಪ್ಲಾನ್ ತೋರಿಸಬೇಕು. ಹಾಗಾಗಿ ಎಲ್ಲ ಕಾಲೇಜುಗಳಲ್ಲೂ ಪ್ಲಾನ್ ಅಂತ ಒಂದು ಫೈಲ್ ಇದ್ದೇ ಇರುತ್ತದೆ. ಆ ಫೈಲ್ ನೋಡಿ ಯಾರಾದರೂ ಒಂದು ನಿರ್ಧಾರ ತೆಗೆದುಕೊಂಡಿದ್ದಾರಾ ಅನ್ನುವುದು ನನ್ನ ಪ್ರಶ್ನೆ.

2018ರಲ್ಲಿ ನಾವು ಮಾಡಿದ ಪ್ಲಾನ್ 44 ಪುಟ ಇತ್ತು. ಆರು ರೂಮಿಗೆ ಸ್ಮಾರ್ಟ್ ಬೋರ್ಡ್, ಹೊಸ ಲ್ಯಾಬ್, ಕ್ಯಾಂಪಸ್ಸಿಗೆಲ್ಲ ವೈಫೈ. ಬೋರ್ಡ್ ಬಂದವು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕಾಲೇಜು ಮುಚ್ಚಿತು. ಮತ್ತೆ ತೆರೆದಾಗ ಆರರಲ್ಲಿ ಎರಡು ಮಾತ್ರ ಆನ್ ಆದವು. ಮಾರಿದವರು ಫೋನ್ ಎತ್ತಲಿಲ್ಲ. ಕಾಲೇಜು ಮುಚ್ಚಿದ್ದ ದಿನಗಳಲ್ಲಿ ನಮ್ಮ ಹುಡುಗಿಯರು ಸಿಗ್ನಲ್ ಹುಡುಕಿಕೊಂಡು ಊರ ಹೊರಗಿನ ಗುಡ್ಡಕ್ಕೆ ಹೋಗಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದರು. ಮಲೆನಾಡು, ಕರಾವಳಿಯ ಎಷ್ಟೋ ಊರುಗಳ ಕಥೆ ಅದೇ ಆಗಿತ್ತು. 44 ಪುಟದಲ್ಲಿ ಒಂದೇ ಒಂದು ಕಡೆಯೂ "ನಮ್ಮ ಹುಡುಗರ ಮನೆಯಲ್ಲಿ ಸಿಗ್ನಲ್ ಇದೆಯಾ" ಅಂತ ನಾವು ಕೇಳಿರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಆಮೇಲೆ ಪ್ಲಾನ್ ಅನ್ನು ಬೇರೆ ರೀತಿ ಮಾಡಿದೆವು. ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರಿನ್ಸಿಪಾಲರು, ಐಕ್ಯೂಎಸಿ ನೋಡಿಕೊಳ್ಳುವವರು, ಆಡಳಿತ ಮಂಡಳಿಯವರು, ಈಗಷ್ಟೇ ಕೆಲಸಕ್ಕೆ ಸೇರಿದ ಮೇಷ್ಟ್ರು, ಯಾರು ಬೇಕಾದರೂ ಶುರು ಮಾಡಬಹುದು. ಕನ್ಸಲ್ಟೆಂಟ್ ಬೇಡ. ಒಂದು ಸೆಮಿಸ್ಟರ್ ಸಾಕು.

ಹೆಜ್ಜೆ 1: ಯಾರು ಕೂರಬೇಕು

ಎಂಟು ಜನ ಸಾಕು. ಹತ್ತು ದಾಟಿದರೆ ಮೀಟಿಂಗ್ ಆಗುತ್ತದೆ, ಕೆಲಸ ಆಗುವುದಿಲ್ಲ. ಇಬ್ಬರು ಕಾಯಂ ಅಧ್ಯಾಪಕರು, ಒಬ್ಬರು ಅತಿಥಿ ಉಪನ್ಯಾಸಕರು, ಆಫೀಸಿನಿಂದ ಒಬ್ಬರು, ಪಕ್ಕದ ಪಿಯು ಕಾಲೇಜಿನಿಂದ ಒಬ್ಬರು, ಮೂವರು ವಿದ್ಯಾರ್ಥಿಗಳು.

ಅತಿಥಿ ಉಪನ್ಯಾಸಕರನ್ನು ದಯವಿಟ್ಟು ಬಿಡಬೇಡಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾಗ ಅವರ ಹೆಗಲ ಮೇಲೇ ಇದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಹತ್ತು ವರ್ಷದ ಪ್ಲಾನ್ ಮಾಡಿ ಅನ್ನುವುದು ಕಷ್ಟದ ಮಾತು, ಅದು ನನಗೂ ಗೊತ್ತು. ಆದರೆ ಕ್ಲಾಸಿನಲ್ಲಿ ಏನಾಗುತ್ತಿದೆ ಅಂತ ಅವರಷ್ಟು ಹತ್ತಿರದಿಂದ ಕಂಡವರು ಕಮ್ಮಿ.

ವಿದ್ಯಾರ್ಥಿಗಳಲ್ಲಿ ರ‍್ಯಾಂಕ್ ಬರುವವರನ್ನೇ ಆರಿಸಬೇಡಿ. ಒಬ್ಬಳು ದೂರದ ಹಳ್ಳಿಯಿಂದ ಬಸ್ಸಲ್ಲಿ ಬರುವವಳು, ಒಬ್ಬ ಸಂಜೆ ಕೆಲಸಕ್ಕೆ ಹೋಗುವವನು, ಒಬ್ಬರು ಹಾಜರಾತಿ ಕಮ್ಮಿ ಇರುವವರು. ಮೂರನೆಯವರನ್ನು ಕರೆಯೋಣ ಅಂದಾಗ ನಮ್ಮಲ್ಲಿ ಆಕ್ಷೇಪ ಬಂತು. ಆದರೆ ಕಾಲೇಜು ಯಾಕೆ ಬೇಡ ಅನಿಸುತ್ತದೆ ಅಂತ ಹೇಳಬಲ್ಲವರು ಅವರು ಮಾತ್ರ.

ಹೆಜ್ಜೆ 2: ಎಂಟನೇ ಕ್ಲಾಸಿನ ಮಕ್ಕಳನ್ನು ಎಣಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಇದನ್ನು ಯಾರೂ ಮಾಡುವುದಿಲ್ಲ.

2025-26ರಲ್ಲಿ ಎಂಟನೇ ಕ್ಲಾಸಿನಲ್ಲಿದ್ದ ಮಗು ಡಿಗ್ರಿ ಬಾಗಿಲಿಗೆ ಬರುವುದು 2030-31ಕ್ಕೆ. ಐದನೇ ಕ್ಲಾಸಿನ ಮಗು ಬರುವುದು 2033-34ಕ್ಕೆ. ಅಂದರೆ ನಮ್ಮ ಹತ್ತು ವರ್ಷದ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಈಗಾಗಲೇ ತಾಲ್ಲೂಕಿನ ಯಾವುದೋ ಶಾಲೆಯ ಬೆಂಚಿನ ಮೇಲೆ ಕೂತಿದ್ದಾರೆ. ಭವಿಷ್ಯದಲ್ಲಿ ಇಷ್ಟು ಗಟ್ಟಿಯಾಗಿ ಗೊತ್ತಿರುವ ವಿಷಯ ಬೇರೆ ಯಾವುದೂ ಇಲ್ಲ, ಅಲ್ವಾ?

ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಪ್ರಿನ್ಸಿಪಾಲರ ಪತ್ರ ತೆಗೆದುಕೊಂಡು ಹೋಗಿ. ತಾಲ್ಲೂಕಿನ ಎಲ್ಲ ಶಾಲೆಗಳ ತರಗತಿವಾರು ದಾಖಲಾತಿ ಕೇಳಿ. ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ದೇಶದ ಶಾಲೆಗಳ ಲೆಕ್ಕ ಇಡುವ ಯುಡೈಸ್ ಪ್ಲಸ್‌ಗಾಗಿ ಶಾಲೆಗಳು ಈ ಲೆಕ್ಕವನ್ನು ಪ್ರತಿ ವರ್ಷ ಕೊಟ್ಟಿರುತ್ತವೆ. ಐದು ವರ್ಷ ಹಿಂದಿನ ಎಂಟನೇ ಕ್ಲಾಸಿನ ಲೆಕ್ಕವನ್ನೂ ಕೇಳಿ. ಅದೇ ಕೀಲಿ.

ಲೆಕ್ಕ ಹೀಗೆ ಮಾಡಿ. ಉದಾಹರಣೆಗೆ, ಐದು ವರ್ಷದ ಹಿಂದೆ ತಾಲ್ಲೂಕಿನ ಎಂಟನೇ ಕ್ಲಾಸಿನಲ್ಲಿ 3,000 ಮಕ್ಕಳಿದ್ದರು ಅಂತ ಇಟ್ಟುಕೊಳ್ಳಿ. ಈ ವರ್ಷ ನಿಮ್ಮ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದವರು 240. ಅಂದರೆ ನೂರಕ್ಕೆ ಎಂಟು. ಈಗ ಎಂಟನೇ ಕ್ಲಾಸಿನಲ್ಲಿ 2,650 ಮಕ್ಕಳಿದ್ದರೆ, ಇದೇ ಪ್ರಮಾಣ ಮುಂದುವರಿದರೆ, ಐದು ವರ್ಷದ ನಂತರ ನಿಮಗೆ ಬರುವವರು 212. ಹುಡುಗಿಯರು, ಹುಡುಗರು ಬೇರೆ ಬೇರೆ ಲೆಕ್ಕ ಹಾಕಿ. ಹೋಬಳಿವಾರು ಹಾಕಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಒಂದು ಹೋಬಳಿಯಿಂದ ಮಕ್ಕಳೇ ಬರುತ್ತಿಲ್ಲ ಅನ್ನುವುದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಈ ಲೆಕ್ಕ ಬಹಳ ಕಾಲೇಜುಗಳಲ್ಲಿ ಇಳಿಮುಖವೇ ಆಗಿರುತ್ತದೆ ಅಂತ ನನ್ನ ಅಂದಾಜು. ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019-21ರಲ್ಲಿ. ಅದರ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7, ದೇಶದ್ದು 2.0. ಅಂದರೆ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಎರಡು ಮಕ್ಕಳಿಗಿಂತಲೂ ಕಮ್ಮಿ. ಇನ್ನೊಂದು ಕಡೆ 2021-22ರ ಉನ್ನತ ಶಿಕ್ಷಣ ಸಮೀಕ್ಷೆ ನೋಡಿ. 18ರಿಂದ 23 ವಯಸ್ಸಿನ ಪ್ರತಿ ಒಂದು ಲಕ್ಷ ಯುವಜನರಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ, ದೇಶದಲ್ಲೇ ಜಾಸ್ತಿ. ಮಕ್ಕಳು ಕಮ್ಮಿ ಆಗುತ್ತಿದ್ದಾರೆ, ಕಾಲೇಜು ಕಮ್ಮಿ ಇಲ್ಲ.

ಆದರೆ ಕೈಚೆಲ್ಲಿ ಕೂರುವ ವಿಷಯ ಇದಲ್ಲ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ದಾಖಲಾತಿ ಪ್ರಮಾಣ, ಅಂದರೆ ಆ ವಯಸ್ಸಿನ ನೂರು ಜನಕ್ಕೆ ಉನ್ನತ ಶಿಕ್ಷಣಕ್ಕೆ ಸೇರಿದವರ ಲೆಕ್ಕ, 36.2, ದೇಶದ್ದು 28.4. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2035ಕ್ಕೆ 50 ಮುಟ್ಟಬೇಕು ಅಂದಿದೆ. ಅಂದರೆ ಕಾಲೇಜು ಮೆಟ್ಟಿಲನ್ನೇ ಹತ್ತದ ಮಕ್ಕಳು ಇನ್ನೂ ಅರ್ಧಕ್ಕಿಂತ ಜಾಸ್ತಿ ಇದ್ದಾರೆ. ಅವರು ಯಾಕೆ ಬರುತ್ತಿಲ್ಲ ಅನ್ನುವುದೇ ಮುಂದಿನ ಹೆಜ್ಜೆ.

ಹೆಜ್ಜೆ 3: ವಿದ್ಯಾರ್ಥಿಯ ಒಂದು ವಾರ ನೋಡಿ

ಗೂಗಲ್ ಫಾರ್ಮ್ ಕಳಿಸಿ "ನಿಮ್ಮ ಬಳಿ ಸ್ಮಾರ್ಟ್‌ಫೋನ್ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಮೂವತ್ತು ವಿದ್ಯಾರ್ಥಿಗಳಿಗೆ ಒಂದೊಂದು ಚಿಕ್ಕ ನೋಟ್‌ಬುಕ್ ಕೊಡಿ. ಏಳು ದಿನ ಬರೆಯಲಿ. ಎಷ್ಟಕ್ಕೆ ಎದ್ದೆ, ಯಾವ ಬಸ್ಸು, ಕಾಲೇಜಲ್ಲಿ ಎಷ್ಟು ಹೊತ್ತು, ಸಂಜೆ ಏನು ಕೆಲಸ, ಫೋನ್ ಯಾರದು, ಡೇಟಾ ಎಷ್ಟಕ್ಕೆ ಮುಗಿಯಿತು, ಫೋನಲ್ಲಿ ಓದಿಗಾಗಿ ಏನು ಹುಡುಕಿದೆ. ಹೆಸರು ಬರೆಯಬೇಕಾಗಿಲ್ಲ. ಮಾರ್ಕ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತ ಬಾಯಿಬಿಟ್ಟು ಹೇಳಿ.

ನಮ್ಮಲ್ಲಿ ಬಂದ ನೋಟ್‌ಬುಕ್‌ಗಳನ್ನು ಓದಿದಾಗ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಒಬ್ಬ ಹುಡುಗ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಎಂಟರ ಬಸ್ಸಿಗೆ ಬಂದು, ಸಂಜೆ ಬಂಕ್‌ನಲ್ಲಿ ರಾತ್ರಿ ಹತ್ತರವರೆಗೆ ನಿಲ್ಲುತ್ತಿದ್ದ. ಅವನು ಓದುತ್ತಿದ್ದದ್ದು ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ನಾಲ್ಕೈದು ನೋಟ್‌ಬುಕ್‌ಗಳಲ್ಲಿ ಒಂದೇ ಸಾಲು ಬೇರೆ ಬೇರೆ ಅಕ್ಷರದಲ್ಲಿ ಇತ್ತು: ಕೊನೇ ಪೀರಿಯಡ್ ಕೂತರೆ 3.40ರ ಬಸ್ ತಪ್ಪುತ್ತದೆ, ಮುಂದಿನದು 5.30ಕ್ಕೆ, ಮನೆ ಸೇರುವಾಗ ಕತ್ತಲೆ. ಕೊನೇ ಪೀರಿಯಡ್‌ಗೆ ಹುಡುಗಿಯರು ಬರುವುದಿಲ್ಲ ಅಂತ ವರ್ಷಗಟ್ಟಲೆ ಬೈದಿದ್ದೆವು.

ಬಸ್ಸಿನ ಬಗ್ಗೆ ಇನ್ನೊಂದು ಮಾತು. ವಿದ್ಯಾರ್ಥಿಗಳ ಓಡಾಟ ಬದಲಾಯಿಸಿದ ದೊಡ್ಡ ಸಂಗತಿ ಯಾವುದು ಅಂದರೆ ಎಲ್ಲರೂ ಫೋನ್ ಅಂತಾರೆ. ನಮ್ಮ ಲೆಕ್ಕದಲ್ಲಿ 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಅಷ್ಟೇ ದೊಡ್ಡದು. ರಾಜ್ಯದ ಹುಡುಗಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿನ ಚಿಂತೆ ಇಲ್ಲ ಅಂದಮೇಲೆ, ಜಿಲ್ಲಾ ಕೇಂದ್ರದ ಕಾಲೇಜು ಅವಳಿಗೆ ಹತ್ತಿರವಾಯಿತು. ಇದು ಒಳ್ಳೆಯದೇ. ಆದರೆ ತಾಲ್ಲೂಕು ಕಾಲೇಜು ಇನ್ನು ಮುಂದೆ "ಹತ್ತಿರ ಇದೆ" ಅನ್ನುವ ಕಾರಣಕ್ಕೆ ಮಾತ್ರ ತುಂಬುವುದಿಲ್ಲ. ಪ್ಲಾನ್‌ನಲ್ಲಿ ಇದನ್ನು ಬರೆದಿಡಿ.

ಹೆಜ್ಜೆ 4: ತಂತ್ರಜ್ಞಾನವನ್ನು ಮೂರು ಗುಡ್ಡೆ ಮಾಡಿ

ಒಂದು ಗುಡ್ಡೆ, ಈಗಾಗಲೇ ಹುಡುಗರ ಕೈಯಲ್ಲಿ ಇರುವುದು. ಎರಡನೇದು, ಮೂರು ವರ್ಷದಲ್ಲಿ ಖಂಡಿತ ಬಾಗಿಲಿಗೆ ಬರುವುದು. ಮೂರನೇದು, ಮಾರುವವರು ಮಾತ್ರ ಹೇಳುತ್ತಿರುವುದು. ದುಡ್ಡು ಮೂರನೇದಕ್ಕೆ ಹೋಗದಂತೆ, ಗಮನ ಮೊದಲನೇದಕ್ಕೆ ಹೋಗುವಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಗುಡ್ಡೆಯಲ್ಲಿ ಎಲ್ಲರಿಗೂ ಎಐ ನೆನಪಾಗುತ್ತದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನೋಡಬೇಕಾದದ್ದು ಪೋರ್ಟಲ್‌ಗಳು. ಇವತ್ತಿನ ಡಿಗ್ರಿ ವಿದ್ಯಾರ್ಥಿಯ ಜೀವನದಲ್ಲಿ ತಂತ್ರಜ್ಞಾನ ಅಂದರೆ ಅಡ್ಮಿಶನ್, ಪರೀಕ್ಷೆ ಅರ್ಜಿ, ಸ್ಕಾಲರ್‌ಶಿಪ್, ಗಳಿಸಿದ ಕ್ರೆಡಿಟ್‌ಗಳ ಖಾತೆಯಾದ ಎಬಿಸಿ ಐಡಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಕೆ", ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿ ಇನ್ನೊಂದು. ಅಷ್ಟಕ್ಕೇ ಸ್ಕಾಲರ್‌ಶಿಪ್ ನಿಂತುಹೋಗುತ್ತದೆ. ಹುಡುಗ ಮೂರು ದಿನ ಸೈಬರ್ ಸೆಂಟರ್ ಸುತ್ತುತ್ತಾನೆ, ಕೂಲಿಯೂ ಹೋಯಿತು, ಕ್ಲಾಸೂ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ತರಬೇತಿ ಪಡೆದ ನಾಲ್ಕು ಹಿರಿಯ ವಿದ್ಯಾರ್ಥಿಗಳು ಇರುವ ಒಂದು ಸಹಾಯ ಕೌಂಟರ್ ಹಾಕಿ. ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ಜನರಿಗೆ ಉಪಯೋಗ ಆಗುವ ಕೆಲಸ ನಾನು ಬೇರೆ ಕಂಡಿಲ್ಲ.

ಈಗ ಎಐ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ಕ್ಕೆ. ನಮ್ಮ ಕಾರಿಡಾರ್‌ಗೆ ಬರಲು ಒಂದು ವರ್ಷವೂ ಬೇಕಾಗಲಿಲ್ಲ. "ಪಂಚಾಯತ್ ರಾಜ್ ವ್ಯವಸ್ಥೆಯ ಗುಣದೋಷಗಳು" ಅಂತ ನಾನು ಒಂದು ಅಸೈನ್‌ಮೆಂಟ್ ಕೊಟ್ಟಿದ್ದೆ. 62 ಬಂದವು, ಎಲ್ಲ ಕೈಬರಹದಲ್ಲೇ. ನಲವತ್ತಕ್ಕೂ ಜಾಸ್ತಿ ಹಾಳೆಗಳ ಮೊದಲ ಸಾಲು ಹೆಚ್ಚು ಕಮ್ಮಿ ಒಂದೇ, "ಪಂಚಾಯತ್ ರಾಜ್ ವ್ಯವಸ್ಥೆಯು ಪ್ರಜಾಪ್ರಭುತ್ವದ ಬೆನ್ನೆಲುಬಾಗಿದೆ." ಫೋನ್ ನೋಡಿ ಹಾಳೆಗೆ ಇಳಿಸಿದ್ದರು. ಸಿಟ್ಟು ಬಂತು. ಆದರೆ ಯೋಚನೆ ಮಾಡಿದರೆ, ಇದಕ್ಕೆ ಮೊದಲು ಅವರು ಗೈಡ್ ನೋಡಿ ಇಳಿಸುತ್ತಿದ್ದರು. ಪ್ರಶ್ನೆಯೇ ಹಾಗಿತ್ತು.

ಮುಂದಿನ ಸೆಮಿಸ್ಟರ್‌ಗೆ ಪ್ರಶ್ನೆ ಬದಲಾಯಿಸಿದೆ. ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ. ಒಟ್ಟು ಸದಸ್ಯರೆಷ್ಟು, ಯಾಕೆ ಅಷ್ಟು ಅಂತ ಪಿಡಿಒ ಅವರನ್ನು ಕೇಳಿ. ಹಿಂದಿನ ಗ್ರಾಮಸಭೆಯ ಒಂದು ನಿರ್ಣಯ ಏನಾಯಿತು ಅಂತ ಪತ್ತೆ ಮಾಡಿ. ಅದೇ ಪ್ರಶ್ನೆಯನ್ನು ಎಐಗೂ ಕೇಳಿ, ಎರಡನ್ನೂ ಅಕ್ಕಪಕ್ಕ ಬರೆಯಿರಿ, ಎಲ್ಲಿ ವ್ಯತ್ಯಾಸ ಬಂತು ಹೇಳಿ. ಒಬ್ಬ ಹುಡುಗ ಬಂದು, "ಸಾರ್, ಫೋನು 500 ಜನಕ್ಕೆ ಒಬ್ಬ ಸದಸ್ಯ ಅಂತು. ಪಿಡಿಒ ಮೇಡಂ 400 ಅಂದ್ರು. ಆಕ್ಟ್ ತೆಗೆದು ನೋಡಿದೆ, 400 ಅಂತಲೇ ಇದೆ" ಅಂದ. 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ಒಬ್ಬ ಬಿ.ಎ. ವಿದ್ಯಾರ್ಥಿ ತಾನಾಗೇ ತೆಗೆದು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಖುಷಿ ಹೇಳತೀರದು.

ಹಾಗಾಗಿ ಪ್ಲಾನ್‌ನಲ್ಲಿ "ಎಐ ನಿಷೇಧ" ಅಂತಲೂ ಬರೆಯಬೇಡಿ, "ಎಐ ಲ್ಯಾಬ್" ಅಂತಲೂ ಬರೆಯಬೇಡಿ. ಪ್ರತಿ ವಿಭಾಗವೂ ವರ್ಷಕ್ಕೆ ಎರಡು ಇಂಟರ್ನಲ್ ಅಸೈನ್‌ಮೆಂಟ್ ಬದಲಾಯಿಸಬೇಕು ಅಂತ ಬರೆಯಿರಿ. ಊರಿಗೆ, ಮಾರುಕಟ್ಟೆಗೆ, ಹೊಲಕ್ಕೆ ಹೋಗದೆ ಉತ್ತರಿಸಲು ಆಗಬಾರದು. ಬರೆದದ್ದರ ಮೇಲೆ ಐದು ನಿಮಿಷ ಬಾಯಿಮಾತಿನ ಪ್ರಶ್ನೆ ಇರಲಿ. ಎಐ ಎಲ್ಲಿ ಬಳಸಿದೆ ಅಂತ ವಿದ್ಯಾರ್ಥಿಯೇ ಕೊನೆಯಲ್ಲಿ ಎರಡು ಸಾಲು ಬರೆಯಲಿ, ಅದಕ್ಕೆ ಅಂಕ ಕಡಿಯಬೇಡಿ. ಎಐ ಬರೆದದ್ದನ್ನು ಪತ್ತೆ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು, ನಿಖರತೆ ಸಾಲದು ಅಂತ, 2023ರ ಜುಲೈನಲ್ಲಿ ನಿಲ್ಲಿಸಿತು. ಇನ್ನು ಕನ್ನಡದಲ್ಲಿ ಅದನ್ನು ನಂಬಿ ಒಬ್ಬ ಹುಡುಗಿಗೆ ಕಳ್ಳತನದ ಹಣೆಪಟ್ಟಿ ಕಟ್ಟುವುದು ಅನ್ಯಾಯ.

ಇನ್ನೊಂದು ಮುಖವೂ ಇದೆ. ನಮ್ಮ ಕನ್ನಡ ಮಾಧ್ಯಮದ ಒಬ್ಬ ಹುಡುಗಿ ಇಂಗ್ಲಿಷ್ ಅರ್ಥಶಾಸ್ತ್ರ ಪುಸ್ತಕದ ಪುಟದ ಫೋಟೋ ತೆಗೆದು, ಫೋನಿಗೆ ಕನ್ನಡದಲ್ಲಿ ಮಾತಾಡಿ, "ಇದನ್ನ ನಮ್ಮೂರ ಸಂತೆ ಉದಾಹರಣೆ ಇಟ್ಟು ಹೇಳು" ಅಂತ ಕೇಳುತ್ತಿದ್ದಳು. ಸ್ಕ್ರೀನ್ ಒಡೆದ ಫೋನು, ಲೈಬ್ರರಿ ಮೆಟ್ಟಿಲ ಮೇಲೆ ಕೂತು. ಬೇಡಿಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದರೆ ಕೊಳ್ಳುವುದು ಎಷ್ಟು ಬದಲಾಗುತ್ತದೆ ಅನ್ನುವುದು) ಅನ್ನುವ ಪದಕ್ಕೆ ಹೆದರಿದ್ದವಳು ಟೊಮೆಟೊ, ಉಪ್ಪಿನ ಬೆಲೆ ಇಟ್ಟುಕೊಂಡು ನನಗೇ ವಿವರಿಸಿದಳು. ಟೊಮೆಟೊ ದುಬಾರಿ ಆದರೆ ಹುಣಸೆ ಹಾಕ್ತೀವಿ, ಉಪ್ಪು ದುಬಾರಿ ಆದ್ರೆ ಏನು ಮಾಡಕ್ಕಾಗುತ್ತೆ ಸಾರ್ ಅಂದಳು. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪುಸ್ತಕದ ಗೋಡೆ ಒಡೆಯುವ ಒಂದು ಸಾಧನ ಇಷ್ಟು ವರ್ಷಕ್ಕೆ ಸಿಕ್ಕಿದೆ. ಅದನ್ನು ಸರಿಯಾಗಿ ಬಳಸುವುದು, ತಪ್ಪು ಹಿಡಿಯುವುದು ಕಲಿಸುವುದು ನಮ್ಮ ಕೆಲಸ.

ಎರಡನೇ ಗುಡ್ಡೆಗೆ ಆನ್‌ಲೈನ್ ಕೋರ್ಸ್, ಅಲ್ಲಿ ಗಳಿಸಿದ ಕ್ರೆಡಿಟ್ ಅನ್ನು ಪದವಿಗೆ ಸೇರಿಸಿಕೊಳ್ಳುವ ಕ್ರೆಡಿಟ್ ವರ್ಗಾವಣೆ ಸೇರುತ್ತವೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ವೇದಿಕೆ 2017ರಿಂದ ಇದೆ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಅಲ್ಲಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. 2022ರಿಂದ ಏಕಕಾಲಕ್ಕೆ ಎರಡು ಪದವಿ ಓದಲೂ ಅವಕಾಶ ಇದೆ. ನಿಮ್ಮ ವಿ.ವಿ. ಇದನ್ನು ಎಷ್ಟು ಅಳವಡಿಸಿಕೊಂಡಿದೆ ಅಂತ ರಿಜಿಸ್ಟ್ರಾರ್ ಕಚೇರಿಯಿಂದ ಬರಹದಲ್ಲೇ ತಿಳಿದುಕೊಳ್ಳಿ, ಬಾಯಿಮಾತಿನ ಮೇಲೆ ಪ್ಲಾನ್ ಕಟ್ಟಬೇಡಿ.

ಹೆಜ್ಜೆ 5: ನಮ್ಮ ಕೈಯಲ್ಲಿ ಏನಿದೆ ಅಂತ ಗೆರೆ ಎಳೆಯಿರಿ

ಸಿಲಬಸ್ ವಿ.ವಿ.ದು, ಹುದ್ದೆ ಸರ್ಕಾರದ್ದು ಅಥವಾ ಆಡಳಿತ ಮಂಡಳಿಯದು, ನೀತಿ ಮೇಲಿನವರದು. ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು 2021-22ರಲ್ಲಿ ತಂದಿತು, ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಒಂದೇ ಕಟ್ಟಡದಲ್ಲಿ ಎರಡು ಪದ್ಧತಿಯ ಬ್ಯಾಚುಗಳಿಗೆ ಟೈಂಟೇಬಲ್ ಹಾಕಿದವರಿಗೆ ಆ ಕಷ್ಟ ಗೊತ್ತು. ಪಿಯು ಪರೀಕ್ಷೆಯೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ, ಅಂದರೆ ನಮಗೆ ಮಕ್ಕಳು ಒಂದೇ ಸಲಕ್ಕೆ ಬರುವುದಿಲ್ಲ, ಕಂತು ಕಂತಾಗಿ ಬರುತ್ತಾರೆ. ತಡವಾಗಿ ಸೇರಿದವರಿಗೆ ತಪ್ಪಿದ ಪಾಠ ತುಂಬಿಕೊಡುವ ಎರಡು ವಾರದ ಬ್ರಿಡ್ಜ್ ಕ್ಲಾಸ್ ಬೇಕೇ ಬೇಕು.

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಮ್ಮ ಕೈಯಲ್ಲಿ ಇಲ್ಲದ್ದು. ಬಲಕ್ಕೆ ಇರುವುದು: ಟೈಂಟೇಬಲ್, ಇಂಟರ್ನಲ್ ಅಸೈನ್‌ಮೆಂಟ್, ಲೈಬ್ರರಿ ಸಮಯ, ಆ್ಯಡ್ ಆನ್ ಕೋರ್ಸ್, ಮೆಂಟರಿಂಗ್, ಬ್ರಿಡ್ಜ್ ಕ್ಲಾಸ್, ಹಳೇ ವಿದ್ಯಾರ್ಥಿಗಳ ಸಂಪರ್ಕ, ಊರಿನ ಕಚೇರಿ ಮತ್ತು ಅಂಗಡಿಗಳ ಜೊತೆ ಇಂಟರ್ನ್‌ಶಿಪ್. ಪ್ಲಾನ್ ಬರೆಯುವುದು ಬಲಗಡೆಯದಕ್ಕೆ ಮಾತ್ರ. ಯಾವ ನೀತಿ ಬಂದರೂ ಹೋದರೂ ಬಲಗಡೆಯ ಕೆಲಸ ನಿಲ್ಲುವುದಿಲ್ಲ.

ಹೆಜ್ಜೆ 6: ನಾಲ್ಕು ಕಥೆ ಬರೆಯಿರಿ

ಮುಂದೇನಾಗುತ್ತದೆ ಅಂತ ಒಂದೇ ಭವಿಷ್ಯ ಹೇಳಲು ಹೋದರೆ ತಪ್ಪಾಗುತ್ತದೆ. 1970ರ ದಶಕದ ಶುರುವಿನಲ್ಲಿ ಶೆಲ್ ತೈಲ ಕಂಪನಿಯಲ್ಲಿ ಪಿಯೆರ್ ವಾಕ್ ಮತ್ತು ಅವರ ತಂಡ ಒಂದರ ಬದಲು ಹಲವು ಭವಿಷ್ಯಗಳನ್ನು ಕಥೆಯ ಹಾಗೆ ಬರೆದಿಟ್ಟರು. 1973ರಲ್ಲಿ ತೈಲ ಬೆಲೆ ಏಕ್‌ದಂ ಏರಿದಾಗ ಆ ಕಂಪನಿಯವರು ಅಂಥ ದಿನದ ಬಗ್ಗೆ ಮೊದಲೇ ಯೋಚಿಸಿದ್ದರು. ಈ ವಿಧಾನ ಕಾಲೇಜಿಗೂ ಚೆನ್ನಾಗಿ ಹೊಂದುತ್ತದೆ.

ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಎರಡು ಪ್ರಶ್ನೆ ಆರಿಸಿ. ನಾವು ಆರಿಸಿದ್ದು ಇವು. ಮಕ್ಕಳು ತಾಲ್ಲೂಕಿನಲ್ಲೇ ಉಳಿಯುತ್ತಾರಾ, ಪಟ್ಟಣಕ್ಕೆ ಹೋಗುತ್ತಾರಾ? ಕೆಲಸ ಕೊಡುವವರು ಪದವಿಯನ್ನೇ ಕೇಳುತ್ತಾರಾ, ಚಿಕ್ಕ ಚಿಕ್ಕ ಸರ್ಟಿಫಿಕೇಟ್ ಸಾಕು ಅಂತಾರಾ? ಎರಡು ಪ್ರಶ್ನೆ ಕೂಡಿಸಿದರೆ ನಾಲ್ಕು ಕಥೆ ಹುಟ್ಟುತ್ತವೆ. ಹೆಸರನ್ನು ನಮ್ಮ ವಿದ್ಯಾರ್ಥಿಗಳೇ ಇಟ್ಟರು.

ಉಳಿಯುತ್ತಾರೆ, ಪದವಿ ಬೇಕು: ಇದು "ಜಾತ್ರೆ". ಕ್ಲಾಸ್ ತುಂಬಿರುತ್ತದೆ, ರೂಮು, ಮೇಷ್ಟ್ರು ಸಾಲುವುದಿಲ್ಲ. ಉಳಿಯುತ್ತಾರೆ, ಸರ್ಟಿಫಿಕೇಟ್ ಸಾಕು: ಇದು "ಸಂತೆ". ವಾರಕ್ಕೆ ಎರಡು ದಿನ ಬಂದು ಟ್ಯಾಲಿ, ಸ್ಪೋಕನ್ ಇಂಗ್ಲಿಷ್, ಡ್ರೋನ್ ನಡೆಸುವುದು, ಬೇಕಾದ್ದು ಕಲಿತು ಹೋಗುತ್ತಾರೆ. ಪಟ್ಟಣಕ್ಕೆ ಹೋಗುತ್ತಾರೆ, ಪದವಿ ಬೇಕು: "ಬಸ್ ಸ್ಟ್ಯಾಂಡ್". ಹೋಗಲು ಆಗದವರು ಮಾತ್ರ ನಮ್ಮಲ್ಲಿ ಉಳಿಯುತ್ತಾರೆ, ಅವರಲ್ಲಿ ಹೆಚ್ಚಿನವರು ಮನೆ ಜವಾಬ್ದಾರಿ ಇರುವವರು. ಹೋಗುತ್ತಾರೆ, ಪದವಿಯೂ ಬೇಡ: "ಬೀಳು ಹೊಲ". ಕಟ್ಟಡ ಇದೆ, ಮಕ್ಕಳಿಲ್ಲ.

ಪ್ರತಿ ಕಥೆಯನ್ನೂ 2033ರ ಒಂದು ಮಂಗಳವಾರ, ಒಬ್ಬ ವಿದ್ಯಾರ್ಥಿಯ ದಿನದ ಹಾಗೆ ಒಂದು ಪುಟ ಬರೆಯಿರಿ. ವಿದ್ಯಾರ್ಥಿಗಳೇ ಬರೆದರೆ ಇನ್ನೂ ಒಳ್ಳೆಯದು. "ಬೀಳು ಹೊಲ" ಬರೆದ ಹುಡುಗಿ, ಖಾಲಿ ರೂಮುಗಳಲ್ಲಿ ಸಂಜೆ ಊರಿನ ಹೆಂಗಸರಿಗೆ ಮೊಬೈಲ್ ಬ್ಯಾಂಕಿಂಗ್ ಕಲಿಸುವ ದೃಶ್ಯ ಬರೆದಿದ್ದಳು. ನಲವತ್ತು ವರ್ಷದ ಹೆಂಗಸೂ ನಮ್ಮ ವಿದ್ಯಾರ್ಥಿ ಆಗಬಹುದು ಅನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹೆಜ್ಜೆ 7: ಕೆಲಸಗಳನ್ನು ನಾಲ್ಕೂ ಕಥೆಯಲ್ಲಿ ಹಾಕಿ ನೋಡಿ

ಈಗ ಮಾಡಬೇಕು ಅಂದುಕೊಂಡ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಕೇಳಿ: ಇದು ಎಷ್ಟು ಕಥೆಯಲ್ಲಿ ಉಪಯೋಗಕ್ಕೆ ಬರುತ್ತದೆ? ಹೊಸ ಕಟ್ಟಡ ಜಾತ್ರೆಯಲ್ಲಿ ಮಾತ್ರ. ಅಸೈನ್‌ಮೆಂಟ್ ಬದಲಾವಣೆ, ಸಹಾಯ ಕೌಂಟರ್, ಲೈಬ್ರರಿಯನ್ನು ಸಂಜೆ ಏಳರವರೆಗೆ ತೆರೆಯುವುದು, ಯುಪಿಎಸ್ ಇರುವ ಒಂದು ಗಟ್ಟಿ ಲ್ಯಾಬ್, ಪಾಠವನ್ನು ಹದಿನೈದು ನಿಮಿಷದ ಆಡಿಯೊ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದು, ಇವು ನಾಲ್ಕರಲ್ಲೂ ಬೇಕು. ಬಸ್ಸಿನಲ್ಲಿ ಓದುವ ಹುಡುಗ ನೆನಪಿದ್ದಾನಲ್ಲ, ಆಡಿಯೊ ಅವನಿಗಾಗಿ. ವಿಡಿಯೊಗಿಂತ ಡೇಟಾ ಕಮ್ಮಿ ತಿನ್ನುತ್ತದೆ.

ನಾಲ್ಕರಲ್ಲೂ ಬೇಕಾದದ್ದನ್ನು ಈ ವರ್ಷವೇ ಶುರು ಮಾಡಿ. ಒಂದೇ ಕಥೆಗೆ ಬೇಕಾದದ್ದಕ್ಕೆ ಒಂದು ಗುರುತು ಇಡಿ. ಉದಾಹರಣೆಗೆ, ಎರಡು ವರ್ಷ ಸತತವಾಗಿ ಅಡ್ಮಿಶನ್ ಇಷ್ಟು ದಾಟಿದರೆ ಮಾತ್ರ ಕಟ್ಟಡದ ಪ್ರಸ್ತಾವ ಕಳಿಸುತ್ತೇವೆ. ಆ ಸಂಖ್ಯೆ ಬರೆದಿರಲಿ.

ಹೆಜ್ಜೆ 8: ಕೊಳ್ಳುವ ದುಡ್ಡಿನ ಪಕ್ಕದಲ್ಲೇ ರಿಪೇರಿ ದುಡ್ಡು

ಬೋರ್ಡ್‌ಗಳ ವಿಷಯದಲ್ಲಿ ನಾವು ಕಲಿತದ್ದು ಇದನ್ನೇ. ಯಾವುದೇ ಯಂತ್ರಕ್ಕೆ ಐದು ವರ್ಷದ ಒಟ್ಟು ಖರ್ಚು ಬರೆಯಿರಿ. ಬೆಲೆ, ವಾರ್ಷಿಕ ನಿರ್ವಹಣೆ, ಬ್ಯಾಟರಿ, ಕರೆಂಟ್ ಬಿಲ್, ಲೈಸೆನ್ಸ್ ನವೀಕರಣ, ಕಲಿಸುವವರ ಸಮಯ. ನಾವು ಈಗ ಬೆಲೆಯ ಐದನೇ ಒಂದು ಭಾಗವನ್ನು ಪ್ರತಿ ವರ್ಷ ಬೇರೆ ಇಡುತ್ತೇವೆ. ಅಷ್ಟು ಇಡಲು ಆಗದಿದ್ದರೆ ಆ ವಸ್ತು ಕೊಳ್ಳುವುದಿಲ್ಲ. ಉಚಿತವಾಗಿ ಕೊಡುತ್ತೇವೆ ಅಂದವರಿಗೂ ಇದೇ ಪ್ರಶ್ನೆ ಕೇಳಿ: ಮೂರನೇ ವರ್ಷ ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ?

ಅಧ್ಯಾಪಕರ ಸಮಯವೂ ದುಡ್ಡೇ. ಅಸೈನ್‌ಮೆಂಟ್ ಬದಲಾಯಿಸಿ, ಆಡಿಯೊ ಮಾಡಿ, ಬಾಯಿಮಾತಿನ ಪರೀಕ್ಷೆ ತೆಗೆದುಕೊಳ್ಳಿ ಅಂತ ಹೇಳಿ ಒಂದು ಗಂಟೆಯನ್ನೂ ಬಿಟ್ಟುಕೊಡದಿದ್ದರೆ ಯಾರೂ ಮಾಡುವುದಿಲ್ಲ, ಮಾಡಲೂ ಬಾರದು. ವಾರಕ್ಕೆ ಎರಡು ಗಂಟೆ ಟೈಂಟೇಬಲ್‌ನಲ್ಲೇ ತೋರಿಸಿ. ಅತಿಥಿ ಉಪನ್ಯಾಸಕರಿಗೂ.

ಹೆಜ್ಜೆ 9: ಮಕ್ಕಳ ಮಾಹಿತಿಗೆ ಕಾವಲು

ಉಚಿತ ಆ್ಯಪ್ ಕೊಡುತ್ತೇವೆ, ವಿದ್ಯಾರ್ಥಿಗಳ ಪಟ್ಟಿ ಕೊಡಿ ಅಂತ ಬರುವವರು ಬಹಳ. ಹೆಸರು, ಫೋನ್ ನಂಬರ್, ಜಾತಿ, ಆದಾಯ ಎಲ್ಲ ಇರುವ ಎಕ್ಸೆಲ್ ಫೈಲ್ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಮತ್ತೆ ವಾಪಸ್ ಬರುವುದಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಡಿಗ್ರಿ ಮೊದಲ ವರ್ಷದಲ್ಲಿ 17 ವರ್ಷದವರು ಎಷ್ಟೋ ಜನ ಇರುತ್ತಾರೆ. ಪಟ್ಟಿ ಕೊಡುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ, ಯಾರಿಗೆ ಯಾಕೆ ಕೊಟ್ಟೆವು ಅಂತ ಒಂದು ರಿಜಿಸ್ಟರ್ ಇರಲಿ.

ಹೆಜ್ಜೆ 10: ಎರಡು ಪುಟದಲ್ಲಿ ಮುಗಿಸಿ, ಆರು ತಿಂಗಳಿಗೊಮ್ಮೆ ತೆರೆಯಿರಿ

ನ್ಯಾಕ್‌ಗೆ ಬೇಕಾದ ದಪ್ಪ ಫೈಲ್ ಬೇರೆ ಮಾಡಿಕೊಳ್ಳಿ. ನಿಮ್ಮ ಕೆಲಸಕ್ಕೆ ಎರಡು ಪುಟ ಸಾಕು. ಮೊದಲ ಪುಟದಲ್ಲಿ ಎಂಟನೇ ಕ್ಲಾಸಿನ ಲೆಕ್ಕ, ನಾಲ್ಕು ಕಥೆಯ ಹೆಸರು, ಗಮನಿಸಬೇಕಾದ ಐದು ಗುರುತು. ಎರಡನೇ ಪುಟದಲ್ಲಿ ಈ ವರ್ಷದ ಕೆಲಸ, ಯಾರು, ಯಾವಾಗ, ಎಷ್ಟು ದುಡ್ಡು. ಕನ್ನಡದಲ್ಲೇ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ವಿದ್ಯಾರ್ಥಿಗಳು ಓದಲಿ, ಕೇಳಲಿ.

ನಮ್ಮ ಮೊದಲ ಪರಿಶೀಲನೆಯಲ್ಲಿ ಹತ್ತು ಕೆಲಸಗಳಲ್ಲಿ ಆರು ಆಗಿದ್ದವು. ಟೈಂಟೇಬಲ್ ಅರ್ಧ ಗಂಟೆ ಮೊದಲೇ ಶುರುವಾಗುವಂತೆ ಹಾಕಿದ್ದೆವು, ಕೊನೇ ಪೀರಿಯಡ್ 3.15ಕ್ಕೆ ಮುಗಿಯುತ್ತಿತ್ತು, ಹುಡುಗಿಯರು ಕೂರುತ್ತಿದ್ದರು. ಲೈಬ್ರರಿ ಏಳರವರೆಗೆ ತೆರೆದಿರಲಿಲ್ಲ, ಕಾಯುವ ಸಿಬ್ಬಂದಿ ಇರಲಿಲ್ಲ. ಅದನ್ನು ಹಳೇ ವಿದ್ಯಾರ್ಥಿಗಳ ಸಂಘದ ಮುಂದೆ ಇಟ್ಟಿದ್ದೇವೆ.

ಯುಡೈಸ್ ಲೆಕ್ಕ ತೆಗೆದುಕೊಳ್ಳುವುದು ಸೆಪ್ಟೆಂಬರ್ 30ರ ದಾಖಲಾತಿಯ ಮೇಲೆ. ಅದಾದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಬಿಇಒ ಕಚೇರಿಗೆ ಹೋಗಿ ಬನ್ನಿ. ಸಾಧ್ಯವಾದರೆ ಸಮಿತಿಯಲ್ಲಿರುವ ಒಬ್ಬ ವಿದ್ಯಾರ್ಥಿನಿಯನ್ನೂ ಕರೆದುಕೊಂಡು ಹೋಗಿ. ಎಂಟನೇ ಕ್ಲಾಸಿನ ಹೊಸ ಸಂಖ್ಯೆಯನ್ನು ಅವಳೇ ಬರೆದುಕೊಳ್ಳಲಿ.